ಹಾಸನದಲ್ಲಿ ನಾಯಿಮರಿಗೆ ಯಾವ ಡಾಕ್ಟರು? ಡಿಗ್ರಿ ನೋಡಬೇಕಾ, ಕೈಗುಣ ನೋಡಬೇಕಾ?

ಪ್ರಶ್ನೆ: ನಾಲ್ಕು ತಿಂಗಳ ನಾಟಿ ನಾಯಿಮರಿ ಸಾಕಿದ್ದೇವೆ, ಒಂದು ಬೆಕ್ಕೂ ಇದೆ. ಹತ್ತಿರದ ಕ್ಲಿನಿಕ್‌ನಲ್ಲಿ ಇಬ್ಬರು ಡಾಕ್ಟರಿದ್ದಾರೆ. ಒಬ್ಬರು ಸರ್ಕಾರಿ ಪಶು ಆಸ್ಪತ್ರೆಯಿಂದ ನಿವೃತ್ತರಾದವರು. ಇನ್ನೊಬ್ಬರು ಈಗಷ್ಟೇ ಎಂ.ವಿ.ಎಸ್ಸಿ. (ಪಶುವೈದ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಮೇಡಂ. ಯಾರಿಗೆ ತೋರಿಸಲಿ?

ಉತ್ತರ 1: ಮೊದಲು ಬೋರ್ಡ್ ನೋಡಿ. ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಅಂದರೆ ಪಶುವೈದ್ಯರ ಮೂಲ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಪಶುವೈದ್ಯ ಪರಿಷತ್ತಿನ ನೋಂದಣಿಯೂ ಇರಬೇಕು. ಡಿಪ್ಲೊಮಾ ಮಾಡಿ ಪಶುಸಂಗೋಪನೆ ಇಲಾಖೆಯಲ್ಲಿ ಇರುವವರನ್ನೂ ನಮ್ಮ ಕಡೆ ಡಾಕ್ಟ್ರೇ ಅಂತಾರೆ, ಅದು ಬೇರೆ. ಎಂ.ವಿ.ಎಸ್ಸಿ. ಅಂದ ತಕ್ಷಣ ಎಲ್ಲವೂ ಬರುತ್ತೆ ಅಂತಲ್ಲ. ಯಾವ ವಿಷಯದಲ್ಲಿ ಅಂತ ಕೇಳಿ. ಕಾಲು ಮುರಿದರೆ ಸರ್ಜರಿ ಓದಿದವರೇ ಬೇಕು.

ಉತ್ತರ 2: ಡಿಗ್ರಿ ಸರಿ, ಆದರೆ ನಾನು ನೋಡೋದು ಕೈ. ಚನ್ನರಾಯಪಟ್ಟಣದ ಹತ್ತಿರ ನಮ್ಮೂರಲ್ಲಿ ಇದ್ದದ್ದು ಹಸುಗಳ ಡಾಕ್ಟರೇ. ಕೆಚ್ಚಲು ಬಾವು, ಕಾಲುಬಾಯಿ ರೋಗ, ಅಡ್ಡ ಸಿಕ್ಕಿಕೊಂಡ ಕರು, ಇದರಲ್ಲೇ ಅವರ ಸರ್ವಿಸ್ ಮುಗಿದಿತ್ತು. ನಮ್ಮ ನಾಯಿ ಊಟ ಬಿಟ್ಟು ಮೂಲೆ ಹಿಡಿದಾಗ ಅವರ ಹತ್ತಿರವೇ ಹೋದೆವು. ಸಿರಿಂಜ್ ಮುಟ್ಟಲಿಲ್ಲ. ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಕೆಂಪು ಎಷ್ಟು ಬೇಗ ವಾಪಸ್ ಬರುತ್ತೆ ಅಂತ ನೋಡಿದರು. ಕಿವಿಯ ಒಳಗೆ ಬೆರಳಾಡಿಸಿ ಒಂದು ಉಣ್ಣೆ ತೆಗೆದು ತೋರಿಸಿದರು. "ಉಣ್ಣೆ ಜ್ವರ ಇರಬಹುದು, ಆದ್ರೆ ರಕ್ತ ನೋಡದೆ ಔಷಧ ಕೊಡಲ್ಲ, ನನ್ನ ಹತ್ರ ಮೈಕ್ರೋಸ್ಕೋಪ್ ಇಲ್ಲ" ಅಂತ ಹೇಳಿ ಹಾಸನದ ವೆಟರ್ನರಿ ಕಾಲೇಜಿಗೆ ಕಳಿಸಿದರು. ಅವರು ಹೇಳಿದ್ದೇ ಆಯ್ತು. ಡಾಕ್ಸಿಸೈಕ್ಲಿನ್ ಮಾತ್ರೆ ವಾರಗಟ್ಟಲೆ ಕೊಡಬೇಕಾಯಿತು. ನಾಯಿ ಚುರುಕಾಯ್ತು ಅಂತ ನಡುವೆ ನಿಲ್ಲಿಸಬೇಡಿ ಅಂತ ಮೊದಲೇ ಎಚ್ಚರಿಸಿದ್ದರು. ಇದಕ್ಕೂ ಮುಂಚೆ ಇನ್ನೊಂದು ಕಡೆ, ಎ.ಸಿ. ಇರುವ ಕ್ಲಿನಿಕ್‌ನಲ್ಲಿ, ನಾಯಿ ಮೈ ಮುಟ್ಟದೇ ಇಂಜೆಕ್ಷನ್ ಚುಚ್ಚಿ ಕಳಿಸಿದ್ದರು. "ಇದು ನನ್ನ ಕೈಲಾಗಲ್ಲ, ಅಲ್ಲಿಗೆ ಹೋಗಿ" ಅನ್ನೋ ಡಾಕ್ಟರ್ ಸಿಕ್ಕರೆ ಬಿಡಬೇಡಿ.

ಉತ್ತರ 3: ನಾಯಿ ವಿಷಯ ಗೊತ್ತಿಲ್ಲ, ಬೆಕ್ಕನ್ನು ಮಾತ್ರ ಆ ಮೇಡಂಗೇ ತೋರಿಸಿ ನೋಡಿ ಅಂತೀನಿ. ಹೊಸಬರಿಗೆ ಬೆಕ್ಕಿನ ಸ್ವಭಾವ ಚೆನ್ನಾಗಿ ಗೊತ್ತಿರಬಹುದು. ನಾವು ಹೋಗೋ ಡಾಕ್ಟರೂ ಚಿಕ್ಕ ವಯಸ್ಸಿನವರೇ. ಬುಟ್ಟಿಯಿಂದ ಎಳೆಯಲ್ಲ, ಮೇಲ್ಮುಚ್ಚಳ ತೆಗೆದು ಟವೆಲ್ ಹೊದಿಸಿ, ಒಳಗಿದ್ದಂತೆಯೇ ಹೊಟ್ಟೆ ಒತ್ತಿ ನೋಡ್ತಾರೆ. ನಾಯಿಗಳ ಸಾಲಿನಲ್ಲೂ ಕೂರಿಸಲ್ಲ. ಮೊದಲ ದಿನವೇ ಹೇಳಿದ್ದು, ಜ್ವರ ಅಂತ ಮನೇಲಿರೋ ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ ಅಂತ. ನಮ್ಮ ಅತ್ತೆ ನಂಬಲೇ ಇಲ್ಲ, ಅದು ಬೇರೆ ಕಥೆ.

ಉತ್ತರ 1: ಹೌದು, ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕು ಅಂತೇನಿಲ್ಲ ಅಲ್ವಾ? ಒಂದೇ ಕ್ಲಿನಿಕ್, ಫೈಲೂ ಒಂದೇ. ಜಾಸ್ತಿ ಖರ್ಚಿನ ಕೆಲಸ ಇದ್ದರೆ ಮೊದಲೇ ಅಂದಾಜು ಕೇಳಿ. ರಾತ್ರಿ ಫೋನ್ ಎತ್ತೋರು ಯಾರು ಅಂತಲೂ ಕೇಳಿ. ಕಾಲೇಜಿನ ಆಸ್ಪತ್ರೆಗೆ ಹೋದರೆ ತಿಂಡಿ ತಿಂದೇ ಹೋಗಿ, ಅಲ್ಲಿ ಓದೋ ಹುಡುಗರು ನೋಡಿ ಆಮೇಲೆ ಪ್ರೊಫೆಸರ್ ನೋಡೋ ಹೊತ್ತಿಗೆ ಮಧ್ಯಾಹ್ನ ಆಗಬಹುದು. ಮತ್ತೆ, ಮರಿಗೆ ನಾಲ್ಕು ತಿಂಗಳು ಅಂದ್ರಿ. ರೇಬೀಸ್ ಲಸಿಕೆ ಆಗಿದೆಯಾ? ಆಗಿಲ್ಲದಿದ್ದರೆ ಇಬ್ಬರಲ್ಲಿ ಯಾರು ಸಿಕ್ಕರೂ ಸರಿ, ಈ ವಾರವೇ ಹಾಕಿಸಿ.