ಗುಡ್ಡದ ಓಟ: ಡಾಕ್ಟರ್ ಮೇಡಂಗೆ ಕೇಳಿ (ಮಂಗಳವಾರದ ಪ್ರಶ್ನೋತ್ತರ)

ಅಡ್ಮಿನ್: ಚಿಕ್ಕಮಗಳೂರಿನ ಗುಡ್ಡಗಳಲ್ಲಿ ನಡೆಯುವ ದೂರದ ಓಟ ಮಲ್ನಾಡ್ ಅಲ್ಟ್ರಾಗೆ ನಮ್ಮ ಬೆಳಗಾವಿ ಗುಂಪಿನಿಂದ ಒಂಬತ್ತು ಜನ ಹೆಸರು ಕೊಟ್ಟಿದ್ದಾರೆ. ಕ್ರೀಡಾ ಗಾಯ ನೋಡುವ ನಮ್ಮ ಡಾಕ್ಟರ್ ಮೇಡಂ ಎಂಟು ಗಂಟೆಯಿಂದ ಇರುತ್ತಾರೆ. ಓಟದ್ದು ಮಾತ್ರ ಕೇಳಿ. ಗುಡ್ ನೈಟ್ ಫೋಟೋ ಬೇಡ ರೀ.

ಶಹಾಪುರ: ಮೇಡಂ, ರಾಜಹಂಸಗಡ ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಮಾತ್ರ ಮೊಣಕಾಲಿನ ಮುಂಭಾಗ ನೋಯುತ್ತದೆ.

ಡಾಕ್ಟರ್: ಇಳಿಯುವಾಗ ಹೆಜ್ಜೆ ಚಿಕ್ಕದು ಮಾಡಿ. ಉದ್ದ ಹೆಜ್ಜೆ ಹಾಕಿದರೆ ಹಿಮ್ಮಡಿ ಮುಂದೆ ಬಿದ್ದು ಪೆಟ್ಟೆಲ್ಲ ಮೊಣಕಾಲಿಗೇ. ಮನೆ ಮೆಟ್ಟಿಲಲ್ಲಿ ಒಂದೇ ಕಾಲಿನ ಮೇಲೆ ನಿಧಾನವಾಗಿ ಇಳಿಯುವ ವ್ಯಾಯಾಮ ಮಾಡಿ, ವಾರಕ್ಕೆ ಎರಡು ಸಲ. ಊತ ಇದ್ದರೆ ಓಟ ನಿಲ್ಲಿಸಿ, ಬಂದು ತೋರಿಸಿ.

ಗೋಕಾಕ: ಓಡುವಾಗ ತಿನ್ನುವ ಎನರ್ಜಿ ಜೆಲ್ ಬದಲು ಕರದಂಟು ನಡೆಯುತ್ತಾ ಮೇಡಂ? ನಮ್ಮೂರಿಂದು 😄

ಡಾಕ್ಟರ್: ನಡೆಯುತ್ತದೆ. ಬೆಲ್ಲ ಒಳ್ಳೆಯದೇ, ಆದರೆ ಒಣಕೊಬ್ಬರಿ, ಗೋಡಂಬಿ ಇರುವುದರಿಂದ ಅರಗುವುದು ತಡ. ನಡೆದು ಹತ್ತುವ ಕಡೆ ಚೂರು ಚೂರು ತಿನ್ನಿ. ಓಟದ ದಿನವೇ ಮೊದಲ ಪ್ರಯೋಗ ಬೇಡ.

ಸದಾಶಿವನಗರ: ಓಆರ್‌ಎಸ್ ಪ್ಯಾಕೆಟ್ ಅರ್ಧ ಲೀಟರಿಗೇ ಹಾಕಿದರೆ ಶಕ್ತಿ ಡಬಲ್ ಆಗುತ್ತಾ?

ಡಾಕ್ಟರ್: ಡಬಲ್ ಆಗುವುದು ಭೇದಿ. ಲೀಟರ್ ಪ್ಯಾಕೆಟ್ ಲೀಟರಿಗೇ ಹಾಕಬೇಕು.

ವಡಗಾವಿ: ಮೇಡಂ, ಭಾನುವಾರ ಜಾಂಬೋಟಿ ಕಡೆ ಗುಡ್ಡದಲ್ಲಿ 34 ಕಿ.ಮೀ. ಓಡಿದೆ. ಇಷ್ಟು ದೂರ ಇದೇ ಮೊದಲು. ತೊಡೆ ಕಲ್ಲಿನಂತಾಗಿದೆ, ಗೋಡೆ ಹಿಡಿಯದೆ ಕೂರಲು ಆಗುತ್ತಿಲ್ಲ. ಅದು ಸಹಜ ಅಂತ ಸುಮ್ಮನಿದ್ದೆ. ಇವತ್ತು ಮಧ್ಯಾಹ್ನದಿಂದ ಮೂತ್ರ ಹಾಲು ಹಾಕದ ಚಹಾದ ಬಣ್ಣ ಬರುತ್ತಿದೆ. ನೀರು ಜಾಸ್ತಿ ಕುಡಿದರೆ ಸಾಕಾ?

ಡಾಕ್ಟರ್: ನೋವಿನ ಮಾತ್ರೆ ತೆಗೆದುಕೊಂಡಿದ್ದೀರಾ? ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ?

ವಡಗಾವಿ: ಓಟದ ನಡುವೆ ಡೈಕ್ಲೋಫೆನಾಕ್ ಒಂದು, ನಿನ್ನೆ ಎರಡು. ಬೆಳಗ್ಗೆಯಿಂದ ಎರಡೇ ಸಲ, ಅದೂ ಸ್ವಲ್ಪ ಸ್ವಲ್ಪ.

ಡಾಕ್ಟರ್: ಮೊಬೈಲ್ ಇಟ್ಟು ಈಗಲೇ ಎಮರ್ಜೆನ್ಸಿಗೆ ಹೊರಡಿ. ನೀವು ಗಾಡಿ ಓಡಿಸಬೇಡಿ, ಯಾರಾದರೂ ಕರೆದುಕೊಂಡು ಹೋಗಲಿ. ಮಾತ್ರೆ ಬಂದ್. ಉಳಿದವರೂ ಓದಿ, ಯಾಕೆ ಅಂತ ಹೇಳುತ್ತೇನೆ. ಗುಡ್ಡ ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಬ್ರೇಕ್ ಹಾಕಬೇಕು, ಹತ್ತುವುದಕ್ಕಿಂತ ಎಳೆಗಳು ಹರಿಯುವುದು ಇದರಲ್ಲೇ ಜಾಸ್ತಿ. ವಾರ ವಾರ ಇಳಿದು ಅಭ್ಯಾಸ ಇದ್ದವರಿಗೆ ಸ್ನಾಯು ಗಟ್ಟಿಯಾಗಿರುತ್ತದೆ, ಬೆಳಗಾವಿ ಕ್ಯಾಂಪ್ ಪ್ರದೇಶದ ಸಪಾಟು ರಸ್ತೆಯಲ್ಲಿ ಓಡಿದವರಿಗೆ ಇರುವುದಿಲ್ಲ. ಹರಿದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯ ನಳಿಕೆ ಕಟ್ಟಬಹುದು. ಮೈಯಲ್ಲಿ ನೀರು ಕಮ್ಮಿ ಇದ್ದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಕಿಡ್ನಿಗೆ ಹೋಗುವ ರಕ್ತವೂ ಇಳಿಯುತ್ತದೆ. ಎರಡೂ ಸೇರಿದರೆ ನಿಮ್ಮ ಕಥೆ. ಅಲ್ಲಿ ರಕ್ತದಲ್ಲಿ ಸಿಕೆ (ಸ್ನಾಯು ಹರಿದಾಗ ಏರುವ ಕಿಣ್ವ), ಕ್ರಿಯಾಟಿನಿನ್ (ಕಿಡ್ನಿ ಸೋತರೆ ಏರುವುದು), ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಗುಡ್ಡ ಓಡಿದ ಮೇಲೆ ಸಿಕೆ ಸಾವಿರ ದಾಟುವುದು ಹೊಸದಲ್ಲ, ಆ ಅಂಕಿಗೊಂದೇ ನಾನು ಹೆದರುವುದಿಲ್ಲ. ಆದರೆ ಈ ಬಣ್ಣ, ಈ ನೋವು, ಮೂತ್ರ ಕಮ್ಮಿ... ಮೂರೂ ಒಟ್ಟಿಗೆ ಬಂದಿವೆ. ಮೂತ್ರದಲ್ಲಿ ಅದ್ದುವ ಪರೀಕ್ಷೆಯ ಪಟ್ಟಿಯಲ್ಲಿ ‘ರಕ್ತ ಇದೆ’ ಅಂತ ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣವೇ ಕಾಣದಿದ್ದರೆ ಅದು ರಕ್ತವಲ್ಲ, ಈ ಮಯೋಗ್ಲೋಬಿನ್ನೇ. ಓಡಿ ಬಂದಿದ್ದೀರಿ ಅಂತ ಅಲ್ಲಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಕಿಡ್ನಿ ಕಲ್ಲು ಹುಡುಕುತ್ತಾ ಕೂರುತ್ತಾರೆ.

ಕ್ಯಾಂಪ್ ಕಾಕಾ: 🙏ಫಾರ್ವರ್ಡ್🙏 ಮೂತ್ರ ಕಪ್ಪಾದರೆ ಹೆದರಬೇಡಿ! 4 ಎಳನೀರು, ಬಾರ್ಲಿ ನೀರು, ಚಿಟಿಕೆ ಕಲ್ಲುಪ್ಪು. ಎರಡೇ ಗಂಟೆಯಲ್ಲಿ ಕಿಡ್ನಿ ಸ್ವಚ್ಛ!

ಡಾಕ್ಟರ್: ಕಾಕಾ, ಇದನ್ನು ಅಳಿಸಿ. ಹರಿದ ಸ್ನಾಯುವಿನಿಂದ ಪೊಟ್ಯಾಶಿಯಂ ಹೊರಗೆ ಬರುತ್ತದೆ, ಎಳನೀರಲ್ಲೂ ಅದು ತುಂಬಾ ಇರುತ್ತದೆ. ಕಿಡ್ನಿ ಹೊರಹಾಕದಿದ್ದರೆ ಹೃದಯದ ಬಡಿತ ತಪ್ಪುತ್ತದೆ. ವಡಗಾವಿಯವರೇ, ಎಳನೀರು ಬೇಡ.

ಕ್ಯಾಂಪ್ ಕಾಕಾ: ನಾನು ಒಳ್ಳೆಯದಕ್ಕೇ ಹಾಕಿದ್ದು. ನಮ್ಮ ಅಜ್ಜ ಬರಿಗಾಲಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತಿದ್ದ. ಯಾವ ಸಿಕೆ ಮಾಡಿಸಿದ್ದ?

ಖಾನಾಪುರ: ಅಜ್ಜ ನಡೆದದ್ದು ಕಾಕಾ, ಓಡಿಲ್ಲ. ಅರ್ಧ ದಾರಿ ಚಕ್ಕಡಿಯಲ್ಲಿ ಕೂತಿರುತ್ತಾರೆ.

ಗೋಕಾಕ: ಬರಿಗಾಲೇ ಒಳ್ಳೆಯದು ಅನ್ನುವುದು ನಿಜ. ಶೂ ಹಾಕಿಯೇ ಪಾದ ಮೆತ್ತಗಾಗಿದ್ದು.

ಖಾನಾಪುರ: ಮಳೆಗಾಲದಲ್ಲಿ ಭೀಮಗಡದ ಕಡೆ ಬರಿಗಾಲಲ್ಲಿ ಬಾ ತಮ್ಮಾ. ಜಿಗಣೆ ಕೀಳುತ್ತಾ ಮಾತಾಡೋಣ.

ಗೋಕಾಕ: ಹನ್ನೆರಡು ಸಾವಿರದ ಶೂ ಹಾಕಿಕೊಂಡು ಹೋದ ಸಲ ನನ್ನ ಹಿಂದೆ ಬಂದದ್ದು ಯಾರು?

ಟಿಳಕವಾಡಿ: ಇಳಿಯುವಾಗ ಕಾಲ್ಬೆರಳು ಜೋಮು ಹಿಡಿಯುತ್ತವೆ, ಲೇಸ್ ಬಿಗಿಯಾಯಿತಾ ಮೇಡಂ?

ಸದಾಶಿವನಗರ: ನೀರು ಗಂಟೆಗೆ ಒಂದೂವರೆ ಲೀಟರ್ ಕುಡಿಯಲೇಬೇಕಂತೆ, ಹೌದಾ?

ಡಾಕ್ಟರ್: ಯಾರು ಹೇಳಿದ್ದು? ಬಾಯಾರಿದರೆ ಕುಡಿಯಿರಿ. ಸುಮ್ನೆ ಸುರಿದುಕೊಂಡರೆ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇರಬೇಕಾದ ಕನಿಷ್ಠ ಮಟ್ಟವಾದ 135ರ ಕೆಳಗೆ ಇಳಿಯಬಹುದು. ಬೆರಳಿನ ಉಂಗುರ ಬಿಗಿಯಾಗಿ, ತಲೆನೋವು, ವಾಂತಿ ಬಂದು ಮಾತು ತೊದಲಿದರೆ ನೀರು ನಿಲ್ಲಿಸಿ ವೈದ್ಯಕೀಯ ಟೆಂಟ್‌ಗೆ ಹೋಗಬೇಕು.

ಅನಗೋಳ: ಮೇಡಂ, ಇಳಿಯುವಾಗ ಮೊಣಕಾಲು ನೋವು. ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಟಿಳಕವಾಡಿ: ಮೇಡಂ ನನ್ನ ಬೆರಳು?

ಕ್ಯಾಂಪ್ ಕಾಕಾ: ಜೋಮಿಗೆ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ...

ಅಡ್ಮಿನ್: ಕಾಕಾ ದಯವಿಟ್ಟು.

ಖಾನಾಪುರ: ಗೋಕಾಕದವರೇ, ಆ ದಿನ ನನಗೆ ಜ್ವರ ಇತ್ತು. ಎಲ್ಲರಿಗೂ ಗೊತ್ತು.

ವಡಗಾವಿ: ಮೇಡಂ, ಅಡ್ಮಿಟ್ ಮಾಡಿಕೊಂಡರು. ಸಲೈನ್ ಹಚ್ಚಿದ್ದಾರೆ. ಸಿಕೆ 41,000 ಅಂತೆ, ಕ್ರಿಯಾಟಿನಿನ್ 1.7. ಮನೆಯವರು ತಂದಿದ್ದ ಎಳನೀರು ತಮ್ಮ ಕುಡಿದ.

ಡಾಕ್ಟರ್: ಪೊಟ್ಯಾಶಿಯಂ?

ವಡಗಾವಿ: ಅದನ್ನು ಕೇಳಲಿಲ್ಲ.

ಡಾಕ್ಟರ್: ಈಗ ಕೇಳಿ. ನಾನು ಫೋನ್ ಹತ್ತಿರವೇ ಇದ್ದೇನೆ.