ಐರ್ಲೆಂಡಿನ ಕೆರಿ ಕಡೆ ಬೆಟ್ಟದ ಇಕ್ಕಟ್ಟು ರಸ್ತೆಗಳು: ಅಮ್ಮನ್ನ ಕೂರಿಸ್ಕೊಂಡು ಓಡಿಸ್ಬಹುದಾ?

ಕಡಲಂಚು:

ಎಲ್ರಿಗೂ ನಮಸ್ಕಾರ. ಮೇ ಕೊನೆಗೆ ನಾವು ನಾಲ್ಕು ಜನ ಐರ್ಲೆಂಡಿಗೆ ಹೊರಟಿದೀವಿ, ನಾನು, ನಮ್ಮೆಜಮಾನ್ರು, ಏಳು ವರ್ಷದ ಮಗಳು, ಜೊತೆಗೆ ನಮ್ಮಮ್ಮ. ಬೆಳಿಗ್ಗೆ ಡಬ್ಲಿನ್‌ನಲ್ಲಿ ಇಳಿದು ಏರ್‌ಪೋರ್ಟಲ್ಲೇ ಕಾರ್ ತಗೊಂಡು ಸೀದಾ ಕಿಲಾರ್ನಿಗೆ ಹೋಗೋದು, ಅಲ್ಲಿಂದ ರಿಂಗ್ ಆಫ್ ಕೆರಿ ಅನ್ನೋ ಸುತ್ತು ರಸ್ತೆ, ಡಿಂಗಲ್, ಟೈಮ್ ಸಿಕ್ರೆ ಬೆಯಾರಾ ಪರ್ಯಾಯ ದ್ವೀಪದ ಕಡೆ ಅಂತ ಪ್ಲಾನ್ ಹಾಕಿದೀವಿ.

ಯಜಮಾನ್ರಿಗೆ ಘಾಟಿ ರಸ್ತೆಲಿ ಓಡಿಸಿ ಚೆನ್ನಾಗಿ ರೂಢಿ ಇದೆ, ಅಲ್ಲೂ ಎಡಗಡೆನೇ ಓಡ್ಸೋದು, ಸ್ಟೇರಿಂಗ್ ಬಲಕ್ಕೇ ಇರುತ್ತೆ, ಅದ್ರ ಚಿಂತೆ ಇಲ್ಲ. ಆದ್ರೆ ಮೊನ್ನೆ ಡಿಂಗಲ್ ಹತ್ರದ ಕಾನರ್ ಪಾಸ್ ಅನ್ನೋ ಬೆಟ್ಟದ ರಸ್ತೆ ವಿಡಿಯೋ ನೋಡ್ತಾ ಇದ್ವಿ, ಒಂದು ಕಡೆ ಬಂಡೆ ರಸ್ತೆ ಮೇಲೇ ಚಾಚ್ಕೊಂಡಿದೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಪ್ರಪಾತ, ಎದುರಿಂದ ಒಂದು ಕಾರ್ ಬಂದ್ರೆ ಇಬ್ರೂ ಉಸಿರು ಬಿಗಿ ಹಿಡ್ಕೊಂಡು ದಾಟ್ತಾರೆ. ಅಮ್ಮಂಗೆ ಎತ್ತರ ಅಂದ್ರೆ ಭಯ, ಆ ವಿಡಿಯೋ ಅವರೂ ನೋಡ್ಬಿಟ್ರು, ಆವಾಗಿಂದ ನಾನು ಹೋಟೆಲ್ಲಲ್ಲೇ ಇರ್ತೀನಿ ನೀವು ಹೋಗ್ಬನ್ನಿ ಅಂತಿದಾರೆ. ಅಷ್ಟು ದೂರ ಕರ್ಕೊಂಡು ಹೋಗಿ ಅವರನ್ನ ರೂಮಲ್ಲಿ ಬಿಟ್ಟು ಹೋಗೋಕೆ ನಂಗೆ ಮನಸಿಲ್ಲ.

ಹಾಗಾಗಿ ಕೇಳ್ತಿರೋದು, ಈ ರಸ್ತೆಗಳು ನಿಜವಾಗ್ಲೂ ಅಷ್ಟು ಕಷ್ಟನಾ? ಎದುರಾಬದುರು ಸಿಕ್ಕಾಗ ಹಿಂದಕ್ಕೆ ಹೋಗ್ಬೇಕಾಗಿರೋದು ಯಾರು? ಲಗೇಜ್ ಇದೆ ಅಂತ ದೊಡ್ಡ ಗಾಡಿ ತಗೊಳ್ಳೋದಾ, ಸಣ್ಣದಾ? ರಿಂಗ್ ಆಫ್ ಕೆರಿನ ಯಾವ ಕಡೆಯಿಂದ ಸುತ್ತಬೇಕು? ಓಡಿಸಿ ಗೊತ್ತಿರೋರು ದಯವಿಟ್ಟು ಹೇಳಿ.

ಕಾರ್ಕ್‌ವಾಸಿ:

ನಾನಿರೋದು ಕಾರ್ಕಲ್ಲೇ, ರಜೆ ಸಿಕ್ರೆ ಬೆಯಾರಾ, ಕೆರಿ ಕಡೆನೇ ನಮ್ಮ ಓಡಾಟ. ಖಂಡಿತ ಓಡಿಸ್ಬಹುದು, ಅಮ್ಮನ್ನೂ ಕರ್ಕೊಂಡು ಹೋಗಿ.

ಮೊದ್ಲು ಆ ಡಬ್ಲಿನ್ ಪ್ಲಾನ್ ಬದಲಾಯ್ಸಿ. ಕಿಲಾರ್ನಿ ಅಲ್ಲಿಂದ ಮುನ್ನೂರು ಕಿಲೋಮೀಟರ್ ಆಗುತ್ತೆ, ಅರ್ಧಕ್ಕಿಂತ ಜಾಸ್ತಿ ಮೋಟರ್‌ವೇನೇ ಆದ್ರೂ ರಾತ್ರಿಯೆಲ್ಲಾ ವಿಮಾನದಲ್ಲಿ ನಿದ್ದೆಗೆಟ್ಟು ಬಂದೋರು ಗೊತ್ತಿಲ್ಲದ ಕಾರಲ್ಲಿ ನಾಲ್ಕು ಗಂಟೆ ಓಡಿಸೋದು ಬೇಡವೇ ಬೇಡ, ನನ್ ಪ್ರಕಾರ ನಿಮ್ಮ ಇಡೀ ಟ್ರಿಪ್ಪಲ್ಲಿ ನಿಜವಾದ ಅಪಾಯ ಇರೋದು ಕಾನರ್ ಪಾಸಲ್ಲಲ್ಲ, ಈ ಮೊದಲನೇ ದಿನದಲ್ಲಿ. ಡಬ್ಲಿನ್ ಹ್ಯೂಸ್ಟನ್ ಸ್ಟೇಷನ್ನಿಂದ ಕಿಲಾರ್ನಿಗೆ ಟ್ರೇನ್ ಇದೆ, ಸಾಮಾನ್ಯವಾಗಿ ಮ್ಯಾಲೋದಲ್ಲಿ ಬದಲಾಯಿಸ್ಬೇಕು. ಅಮ್ಮ, ಮಗು ಇಬ್ರೂ ಆರಾಮಾಗಿ ಮಲ್ಕೊಂಡು ಬರ್ತಾರೆ, ಕಾರನ್ನ ಮಾರನೇ ದಿನ ಕೆರಿ ಏರ್‌ಪೋರ್ಟಲ್ಲಿ ತಗೊಳ್ಳಿ, ಅದು ಫ್ಯಾರನ್‌ಫೋರ್‌ನಲ್ಲಿ ಕಿಲಾರ್ನಿಗೆ ಹತ್ರನೇ ಇದೆ. ಆಗ ಡಬ್ಲಿನ್ ಸುತ್ತೋ ಎಂ50 ಟೋಲ್ ತಲೆನೋವೂ ಇರಲ್ಲ. ಅಲ್ಲಿ ಟೋಲ್ ಗೇಟೇ ಇಲ್ಲ, ಕ್ಯಾಮರಾ ನಂಬರ್ ಪ್ಲೇಟ್ ಹಿಡಿಯುತ್ತೆ, ಮಾರನೇ ದಿನ ರಾತ್ರಿ 8 ಗಂಟೆ ಒಳಗೆ ನಾವೇ ಆನ್‌ಲೈನಲ್ಲಿ ಕಟ್ಟಬೇಕು, ಹೊಸಬರಿಗೆ ಗೊತ್ತಾಗದೆ ದಂಡ ಬೀಳುತ್ತೆ.

ಇನ್ನು ಇಕ್ಕಟ್ಟು ರಸ್ತೆ. ಇಲ್ಲಿ ಕಷ್ಟ ಕೊಡೋದು ಎತ್ತರ ಅಲ್ಲ, ಅಗಲ. ಕಾನರ್ ಪಾಸಲ್ಲಿ ಕನಿಷ್ಠ ಮುಂದೆ ಏನು ಬರ್ತಿದೆ ಅಂತ ದೂರದಿಂದ್ಲೇ ಕಾಣುತ್ತೆ. ಕೆಳಗಡೆ ಹೊಲಗದ್ದೆ ಮಧ್ಯದ ಸಣ್ಣ ರಸ್ತೆಗಳಲ್ಲಿ ಏನೂ ಕಾಣಲ್ಲ. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಹುಲ್ಲಿನ ಪಟ್ಟಿ, ಒಂದೇ ಕಾರ್ ಹಿಡಿಸೋ ಜಾಗ. ನೋಡೋಕೆ ಬರೀ ಗಿಡ, ಫ್ಯೂಷಿಯಾ ಗಿಡ ಒತ್ತೊತ್ತಾಗಿ ಬೆಳೆದಿರುತ್ತೆ, ಸವರ್ಕೊಂಡು ಹೋದ್ರೆ ಎಲೆ ತಾನೇ ಅನ್ಸುತ್ತೆ. ಆ ಎಲೆ ಹಿಂದೆ ಒಂದು ಗೇಣು ಒಳಗೆ ಕಲ್ಲಿನ ಕಟ್ಟೆ ಇರುತ್ತೆ. ಬಾಡಿಗೆ ಕಾರುಗಳ ಎಡಗಡೆ ಕನ್ನಡಿ, ಎಡಗಡೆ ಟಯರ್ ಹೋಗೋದೇ ಅಲ್ಲಿ. ಎದುರಿಂದ ಗಾಡಿ ಬಂದ ತಕ್ಷಣ ಡ್ರೈವರ್ ಅಭ್ಯಾಸಬಲದಿಂದ ಎಡಕ್ಕೆ ಎಳೀತಾನೆ, ಕಾರ್ ಇನ್ನೂ ಓಡ್ತಾನೇ ಇರುತ್ತೆ, ಕಲ್ಲಿಗೆ ತಾಗುತ್ತೆ. ಹಾಗೆ ಮಾಡೋದು ಬೇಡ, ಮೊದ್ಲು ಪೂರ್ತಿ ನಿಲ್ಲಿಸಿ, ಆಮೇಲೆ ಯೋಚ್ನೆ ಮಾಡಿ. ನಿಂತಿರೋ ಕಾರ್ ಪಕ್ಕ ಇನ್ನೊಬ್ರು ನಿಧಾನಕ್ಕೆ ದಾಟ್ಕೊಂಡು ಹೋಗ್ತಾರೆ, ಇಲ್ಲಿನೋರಿಗೆ ಅದು ದಿನದ ಕೆಲಸ.

ಹಿಂದಕ್ಕೆ ಯಾರು ಹೋಗ್ಬೇಕು ಅಂದ್ರೆ, ಅಗಲ ಜಾಗ ಯಾರಿಗೆ ಹತ್ರ ಇದೆಯೋ ಅವರು. ಹಾಗಾಗಿ ಓಡಿಸ್ತಾ ಇರೋವಾಗ್ಲೇ ಹೊಲದ ಗೇಟಿನ ಬಾಯಿ, ಮನೆ ಮುಂದಿನ ಜಾಗ ಎಲ್ಲೆಲ್ಲಿ ಸಿಕ್ತು ಅಂತ ಮನಸಲ್ಲಿ ಇಟ್ಕೊಂಡು ಹೋಗ್ಬೇಕು. ಆ ಜಾಗ ನಿಮ್ಮ ಬಲಗಡೆ ಇದ್ರೆ ನೀವು ಅದ್ರೊಳಗೆ ನುಗ್ಗಬಾರ್ದು, ಅದಕ್ಕೆ ಎದುರಾಗಿ ಎಡದಲ್ಲೇ ನಿಂತ್ಕೊಂಡು ಅವರನ್ನ ಅಲ್ಲಿಂದ ಸುತ್ತಿ ಹೋಗೋಕೆ ಬಿಡ್ಬೇಕು. ಟ್ರ್ಯಾಕ್ಟರ್ ಹಿಂದೆ ಟ್ರೇಲರ್ ಇದ್ರೆ ಲೆಕ್ಕಾಚಾರನೇ ಬೇಡ, ನೀವೇ ರಿವರ್ಸ್ ಹೋಗಿ. ಮೇ ಕೊನೆ ಅಂದ್ರೆ ಸೈಲೇಜ್, ಅಂದ್ರೆ ದನಗಳಿಗೆ ಹುದುಗಿಸಿ ಇಡೋ ಹುಲ್ಲು ಕೊಯ್ಯೋ ಕಾಲ, ರಸ್ತೆ ತುಂಬಾ ಟ್ರ್ಯಾಕ್ಟರ್ ಇರುತ್ವೆ, ಮಳೆ ಬರೋಕೆ ಮುಂಚೆ ಮುಗಿಸ್ಬೇಕು ಅಂತ ಅವರೂ ಅವಸರದಲ್ಲಿರ್ತಾರೆ. ದಾರಿ ಬಿಟ್ರೆ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿ ಹೋಗ್ತಾರೆ, ನೀವೂ ಎತ್ತಿ, ಅದೇ ಇಲ್ಲಿ ಥ್ಯಾಂಕ್ಸು.

ಸ್ಪೀಡ್ ವಿಷ್ಯ, ಈ ಹಳ್ಳಿ ರಸ್ತೆಗಳಿಗೆ ಮೊದ್ಲು 80 ಇತ್ತು, 2025ರ ಫೆಬ್ರವರಿ 7ರಿಂದ 60 ಮಾಡಿದಾರೆ. 60 ಅಂತ ಬೋರ್ಡಿದೆ ಅಂತ 60ರಲ್ಲೇ ಹೋಗ್ಬೇಕು ಅಂತಿಲ್ಲ, ತಿರುವಲ್ಲಿ 25-30 ಸಾಕು. ಹಿಂದೆ ಊರಿನೋರು ಬಂದು ಅಂಟ್ಕೊಂಡ್ರೆ ಗಾಬರಿ ಆಗ್ಬೇಡಿ, ಜಾಗ ಸಿಕ್ಕಾಗ ಪಕ್ಕಕ್ಕೆ ನಿಂತು ಕಳಿಸ್ಬಿಡಿ.

ಹಸಿರು ದಿಬ್ಬ:

ರಿಂಗ್ ಆಫ್ ಕೆರಿ ಬಗ್ಗೆ ಮಾತ್ರ ನಾನು ಹೇಳ್ತೀನಿ. ಟೂರಿಸ್ಟ್ ಬಸ್ಸುಗಳೆಲ್ಲಾ ಕಿಲಾರ್ನಿಯಿಂದ ಕಿಲೋರ್ಗ್ಲಿನ್ ಕಡೆ ಹೊರಡುತ್ವೆ, ಅಂದ್ರೆ ಗಡಿಯಾರಕ್ಕೆ ಉಲ್ಟಾ. ಕೆಲವರು ನೀವು ಎದುರು ದಿಕ್ಕಲ್ಲಿ ಹೋಗಿ, ಬಸ್ ಹಿಂದೆ ಸಿಕ್ಕಾಕ್ಕೊಳ್ಳಲ್ಲ ಅಂತಾರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಆ ಬಸ್ಸುಗಳೆಲ್ಲಾ ಒಂದಾದ್ಮೇಲೊಂದು ತಿರುವುಗಳಲ್ಲಿ ಮುಖಕ್ಕೆ ಮುಖ ಸಿಗುತ್ವೆ, ಹೊಸ ಡ್ರೈವರ್‌ಗೆ ಅದು ಬೇಡ. ಬಸ್ ಹೋಗೋ ದಿಕ್ಕಲ್ಲೇ ಹೋಗಿ, ಆದ್ರೆ ಎಂಟು ಗಂಟೆಗೇ ಹೊರಟುಬಿಡಿ, ಅವು ನಿಮ್ಮ ಹಿಂದೆ ಉಳ್ಕೊಳುತ್ವೆ. ಮೇ ಕೊನೆಗೆ ರಾತ್ರಿ ಒಂಬತ್ತೂವರೆ ಮೇಲೂ ಬೆಳಕಿರುತ್ತೆ, ಹಾಗಾಗಿ ಸಂಜೆ ಅವಸರ ಮಾಡೋದು ಬೇಕಿಲ್ಲ.

ಡಿಂಗಲ್‌ನ ಸ್ಲೇ ಹೆಡ್ ಸುತ್ತು ಇದಕ್ಕೆ ವಿರುದ್ಧ, ಅದನ್ನ ಗಡಿಯಾರದ ದಿಕ್ಕಲ್ಲೇ ಹೋಗ್ಬೇಕು, ಬಸ್ಸುಗಳೂ ಹಾಗೇ ಹೋಗೋದು. ಅಲ್ಲಿ ಒಂದ್ಕಡೆ ತೊರೆ ರಸ್ತೆ ಮೇಲೇ ಹರಿಯುತ್ತೆ, ಕಲ್ಲು ಹಾಸಿರೋದ್ರಿಂದ ಕಾರ್ ದಾಟುತ್ತೆ, ಮಕ್ಕಳಿಗಂತೂ ಖುಷಿ. ಗೂಗಲ್ ತೋರ್ಸೋ ಟೈಮನ್ನ ಮಾತ್ರ ನಂಬ್ಬೇಡಿ. ರಿಂಗ್ ಸುಮಾರು 180 ಕಿಲೋಮೀಟರ್, ಫೋಟೋ ಊಟ ಎಲ್ಲಾ ಸೇರಿ ಇಡೀ ದಿನ ಬೇಕೇ ಬೇಕು.

ನೀಲಿ ಛತ್ರಿ:

ಗಾಡಿ ವಿಷ್ಯಕ್ಕೆ ಬರ್ತೀನಿ. ನಾಲ್ಕು ಜನ, ಲಗೇಜು ಅಂದ ತಕ್ಷಣ ಕೌಂಟರಲ್ಲಿ ಎಸ್‌ಯುವಿ ಕೊಡ್ತೀವಿ, ಫ್ರೀ ಅಪ್‌ಗ್ರೇಡ್ ಅಂತಾರೆ, ಬೇಡ ಅಂತ ಗಟ್ಟಿಯಾಗಿ ಹೇಳಿ. ಉದ್ದ ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಅಗಲ ಜಾಸ್ತಿ ಇದ್ರೆ ತೊಂದ್ರೆ. ಹ್ಯಾಚ್‌ಬ್ಯಾಕ್‌ನ ಎಸ್ಟೇಟ್ ಮಾಡೆಲ್ ಸಿಗುತ್ತೆ, ಹಿಂದೆ ಡಿಕ್ಕಿ ದೊಡ್ಡದು, ಅಗಲ ಅಷ್ಟೇ. ಕಾನರ್ ಪಾಸಲ್ಲಂತೂ 2 ಟನ್ ಮೀರಿದ ಗಾಡಿ ಬಿಡಲ್ಲ, ಎರಡೂ ಕಡೆ ಬೋರ್ಡ್ ಇದೆ, ಬಸ್ಸು ಕ್ಯಾಂಪರ್ ವ್ಯಾನಿಗೆ ಪ್ರವೇಶ ಇಲ್ಲ. ಆಟೋಮ್ಯಾಟಿಕ್ ಬೇಕಿದ್ರೆ ಈಗ್ಲೇ ಬುಕ್ ಮಾಡಿ, ಬಾಡಿಗೆ ಜಾಸ್ತಿ ಆಗುತ್ತೆ ಆದ್ರೂ ಏರಲ್ಲಿ ನಿಂತು ರಿವರ್ಸ್ ಹೊಡೆಯೋವಾಗ ಕ್ಲಚ್ ಚಿಂತೆ ಇರಲ್ಲ.

ಇನ್ಶೂರೆನ್ಸ್ ಪೂರ್ತಿ ಓದಿ, ಇದು ಮುಖ್ಯ. ಬಾಡಿಗೆ ಜೊತೆ ಬರೋ ಕವರಲ್ಲಿ ಮೊದಲ ಒಂದೂವರೆ-ಎರಡು ಸಾವಿರ ಯೂರೋ, ಕೆಲವು ಕಡೆ ಇನ್ನೂ ಜಾಸ್ತಿ, ನಿಮ್ಮ ಜೇಬಿಂದ್ಲೇ ಹೋಗೋದು. ಟಯರ್, ಗಾಜು, ಕನ್ನಡಿ, ಗಾಡಿ ಅಡಿಭಾಗ ಇವು ಎಷ್ಟೋ ಸಲ ಕವರಲ್ಲೇ ಇರಲ್ಲ, ಈ ರಸ್ತೆಗಳಲ್ಲಿ ಪೆಟ್ಟು ತಿನ್ನೋದೂ ಅವೇ! ನಮಗೆ ಒಂದು ಕಂಪನಿ ಎಡಗಡೆ ಚಕ್ರದ ಗೀರಿಗೆ ದುಡ್ಡು ಹಿಡ್ಕೊಂಡಿತ್ತು, ಗಾಡಿ ತಗೊಳ್ಳೋವಾಗ ನಾಲ್ಕೂ ಚಕ್ರ ಹತ್ರದಿಂದ ವಿಡಿಯೋ ಮಾಡಿದ್ದು ಇತ್ತಲ್ಲ, ಅದನ್ನ ಕಳಿಸಿದ್ಮೇಲೆ ವಾಪಸ್ ಬಂತು. ನೀವೂ ಮಾಡಿ, ಚಕ್ರದ ಅಂಚು, ಕನ್ನಡಿಯ ಹಿಂಭಾಗ ಬಿಡ್ಬೇಡಿ. ಮಗಳು 150 ಸೆಂಟಿಮೀಟರ್‌ಗಿಂತ ಕಮ್ಮಿ ಎತ್ತರ ಇದ್ರೆ ಬೂಸ್ಟರ್ ಸೀಟ್ ಕಾನೂನು ಪ್ರಕಾರ ಬೇಕು, ಅದನ್ನೂ ಬುಕಿಂಗಲ್ಲೇ ಹಾಕ್ಸಿ. ನಮ್ಮ ಲೈಸೆನ್ಸ್ ನಡೆಯುತ್ತೆ, ಆದ್ರೂ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಕೌಂಟರಲ್ಲಿ ಕೇಳ್ದಾಗ ಚರ್ಚೆ ಮಾಡೋದು ತಪ್ಪುತ್ತೆ.

ಕಡಲಂಚು:

ಎಷ್ಟು ವಿವರವಾಗಿ ಬರೆದಿದೀರ ಎಲ್ರೂ, ತುಂಬಾ ಥ್ಯಾಂಕ್ಸ್. ಟ್ರೇನ್ ಐಡಿಯಾ ಯಜಮಾನ್ರಿಗೂ ಒಪ್ಪಿಗೆ ಆಯ್ತು, ಎಸ್ಟೇಟ್ ಕಾರೇ ಹುಡುಕ್ತಾ ಇದೀನಿ. ಈಗ ಉಳಿದಿರೋದು ಅಮ್ಮನ ವಿಷ್ಯ. ಅವರಿಗೆ ತಲೆ ಸುತ್ತೋದಲ್ಲ, ಕೆಳಗೆ ಖಾಲಿ ಕಂಡ್ರೆ ಕೈಕಾಲು ನಡುಗುತ್ತೆ. ಬೆಟ್ಟದ ರಸ್ತೆಗಳಲ್ಲಿ ಅವರಿಗೆ ಆಗೋ ಅಂಥದ್ದು ಯಾವುದು, ಯಾವುದನ್ನ ಬಿಡ್ಬೇಕು?

ಕಾರ್ಕ್‌ವಾಸಿ:

ಹಾಗಾದ್ರೆ ಮೊದಲು ಕಿಲಾರ್ನಿಯಿಂದ ಕೆನ್‌ಮೇರ್‌ಗೆ ಹೋಗೋ ಎನ್71ರಲ್ಲಿ ಮಾಲ್ಸ್ ಗ್ಯಾಪ್ ತನಕ ಹೋಗ್ಬನ್ನಿ. ತಿರುವು ಜಾಸ್ತಿ, ರಸ್ತೆ ಕಿರಿದು ನಿಜ, ಆದ್ರೆ ಎರಡು ಗಾಡಿ ಹಿಡಿಸುತ್ತೆ, ದಾರಿಲಿ ಲೇಡೀಸ್ ವ್ಯೂನಲ್ಲಿ ಕಾರ್ ನಿಲ್ಲಿಸಿ ಕೆರೆಗಳನ್ನ ನೋಡ್ಕೊಂಡು ಕೂರಬಹುದು. ಅದು ಅವರಿಗೆ ಹಿಡಿಸಿದ್ರೆ ಮುಂದಿನದು ಹೀಲಿ ಪಾಸ್. ಬೆಯಾರಾದಲ್ಲಿ ಆಡ್ರಿಗೋಲ್‌ನಿಂದ ಲೌರಾಗ್ ಕಡೆ ಹೋಗೋ ಆರ್574. ಇದು 1847ರಲ್ಲಿ, ಆಲೂಗಡ್ಡೆ ಬರಗಾಲದ ಹೊತ್ತಲ್ಲಿ, ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡೋಕೆ ಅಂತ ಶುರು ಮಾಡಿಸಿದ ರಸ್ತೆ, ಹಸಿದ ಮೈಯಲ್ಲಿ ಆ ಬಂಡೆ ಒಡೆದೋರನ್ನ ನೆನೆಸ್ಕೊಂಡ್ರೆ ಅಲ್ಲಿ ಹತ್ತುವಾಗ ನಂಗೆ ಈಗ್ಲೂ ಗಂಟಲು ಕಟ್ಟುತ್ತೆ. ಆಡ್ರಿಗೋಲ್ ಕಡೆಯಿಂದ ಅದು ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತೆ, ಬರೀ ಪ್ರಪಾತ ಅಂತಿಲ್ಲ, ಇಳಿಜಾರು ಹುಲ್ಲುಗಾವಲು, ಬಣ್ಣ ಬಳಿದ ಕುರಿಗಳು. ಕುರಿ ರಸ್ತೆ ಮೇಲೇ ಮಲಗಿರುತ್ವೆ, ಹಾರ್ನ್ ಹೊಡೀಬೇಡಿ, ದಿಕ್ಕೆಟ್ಟು ಗಾಡಿ ಮುಂದೇನೇ ಓಡುತ್ವೆ, ನಿಲ್ಲಿಸಿ ಕಾದ್ರೆ ತಾವೇ ಎದ್ದು ಹೋಗುತ್ವೆ.

ಕಾನರ್ ಪಾಸ್‌ನ ಕೊನೆಗೆ ಇಟ್ಕೊಳ್ಳಿ, ದಿಕ್ಕು ಮುಖ್ಯ. ಡಿಂಗಲ್‌ನಿಂದ ಹತ್ತಿ ಕ್ಲೋಹೇನ್ ಕಡೆ ಇಳಿದ್ರೆ ಪ್ರಪಾತ ನಿಮ್ಮ ಎಡಕ್ಕೇ ಬರುತ್ತೆ, ಎಡ ಕಿಟಕಿ ಪಕ್ಕ ಕೂತೋರಿಗೆ ಅದು ಆಗಲ್ಲ. ಕ್ಲೋಹೇನ್ ಕಡೆಯಿಂದ ಡಿಂಗಲ್‌ಗೆ ಹತ್ತಿದ್ರೆ ಬಂಡೆ ಎಡಕ್ಕೆ, ಅಮ್ಮನ್ನ ಹಿಂದಿನ ಸೀಟಲ್ಲಿ ಎಡಗಡೆ ಕೂರಿಸಿ, ಅವರಿಗೆ ಬರೀ ಕಲ್ಲು, ಜರಿಗಿಡ ಕಾಣುತ್ತೆ. ತುದಿಲಿ ಪಾರ್ಕಿಂಗ್ ಇದೆ, ಬೇಕಿದ್ರೆ ಇಳಿದು ನೋಡ್ಲಿ, ಬೇಡ ಅಂದ್ರೆ ಕಾರಲ್ಲೇ ಇರ್ಲಿ. ಹೊರಡೋ ಮುಂಚೆ ಕೆಳಗಿಂದ ಬೆಟ್ಟದ ತಲೆ ನೋಡಿ, ಮೋಡ ಕೂತಿದ್ರೆ ಹೋಗ್ಬೇಡಿ, ಮೇಲೆ ಬಾನೆಟ್ ಮುಂದೆ ಏನೂ ಕಾಣಲ್ಲ, ಕ್ಯಾಂಪ್‌ನಿಂದ ಅನಾಸ್ಕಾಲ್ ಮೇಲೆ ಡಿಂಗಲ್‌ಗೆ ಹೋಗೋ ಎನ್86 ಇದೆ, ಅಗಲವಾದ ರಸ್ತೆ.

ಗ್ಯಾಪ್ ಆಫ್ ಡನ್ಲೋಗೆ ಮಾತ್ರ ಕಾರ್ ತಗೊಂಡು ನುಗ್ಗಬೇಡಿ. ಅದು ಕುದುರೆಗಾಡಿಗಳ, ನಡೆಯೋರ ದಾರಿ, ಕಾರ್ ಬಂದ್ರೆ ಎಲ್ರಿಗೂ ಹಿಂಸೆ. ಕೇಟ್ ಕರ್ನೀಸ್ ಕಾಟೇಜ್ ಹತ್ರ ಕಾರ್ ಬಿಟ್ಟು ಕುದುರೆಗಾಡಿ ಹತ್ತಿ, ಅಮ್ಮಂಗೆ, ಮಗೂಗೆ ಅದಕ್ಕಿಂತ ಒಳ್ಳೇ ದಿನ ಇನ್ನೊಂದು ಸಿಗಲ್ಲ.

ಹಸಿರು ದಿಬ್ಬ:

ಇದಕ್ಕೆ ಒಂದು ಸೇರಿಸ್ತೀನಿ. ಮ್ಯಾಪ್ ಆಪ್ ಹತ್ತಿರದ ದಾರಿ ಅಂತ ಎಲ್ಲೆಲ್ಲೋ ತಿರುಗಿಸುತ್ತೆ, ಕೆನ್‌ಮೇರ್ ಕಡೆಯಿಂದ ಬ್ಯಾಂಟ್ರಿಗೆ ಹಾಕಿದ್ರೆ ಪ್ರೀಸ್ಟ್ಸ್ ಲೀಪ್ ಅನ್ನೋ ಕಡಿದಾದ ಒಂಟಿ ದಾರಿಗೆ ಕಳಿಸ್ಬಹುದು, ಎನ್71 ಬಿಟ್ಟು ಎಲ್ಲೂ ಒಳಗೆ ತಿರುಗಬೇಡಿ, ಅದೇ ರಸ್ತೆಲಿ ಬಂಡೆ ಕೊರೆದ ಸುರಂಗಗಳೂ ಸಿಗುತ್ವೆ, ಮಗಳಿಗೆ ತೋರ್ಸಿ. ಇಲ್ಲಿ ರಸ್ತೆ ನಂಬರಿನ ಮೊದಲಕ್ಷರ ನೋಡಿದ್ರೇ ಅಗಲ ಗೊತ್ತಾಗುತ್ತೆ, ಎನ್ ಇದ್ರೆ ನೆಮ್ಮದಿ, ಆರ್ ಇದ್ರೆ ಎಚ್ಚರ, ಎಲ್ ಇದ್ರೆ ಒಂದೇ ಕಾರಿನ ದಾರಿ ಅಂತ ತಿಳ್ಕೊಂಡೇ ಹೋಗಿ. ಡಿಂಗಲ್ ಹತ್ರ ಬಂದ ಹಾಗೆ ಬೋರ್ಡುಗಳಲ್ಲಿ ಹೆಸರು ಐರಿಷ್ ಭಾಷೆಲಿ ಮಾತ್ರ ಇರುತ್ತೆ, ಡಿಂಗಲ್ ಅಂತ ಹುಡುಕ್ತಾ ಕೂತ್ರೆ ತಿರುವು ತಪ್ಪಿಹೋಗುತ್ತೆ, ಡ್ಯಾಂಗನ್ (Daingean) ಅನ್ನೋ ಪದ ಇರೋ ಕಡೆ ತಿರುಗಿ. ಹಳ್ಳಿಗಳಲ್ಲಿ ಪೆಟ್ರೋಲ್ ಬಂಕ್ ಸಂಜೆ ಬೇಗ ಮುಚ್ಚುತ್ವೆ, ಟ್ಯಾಂಕ್ ಅರ್ಧ ಆದಾಗ್ಲೇ ತುಂಬಿಸ್ಕೊಳ್ಳಿ.