ಪರಿಷತ್ತಿನಲ್ಲಿ ಬಿದ್ದ ವಿಧೇಯಕ ಸತ್ತ ಹಾಗೇನಾ? ನಾಲೆ, ಕಬ್ಬಿನ ಬಾಕಿ ಯಾವ ಸದನದಲ್ಲಿ ಕೇಳಿಸಬೇಕು?

ಕೊನೇಮಡೆ_ಮಂಡ್ಯ

ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ವಿಧಾನಸಭೆಯಲ್ಲಿ ಪಾಸಾದ ವಿಧೇಯಕ ಪರಿಷತ್ತಿನಲ್ಲಿ ಸೋತರೆ ಅಲ್ಲಿಗೆ ಕಥೆ ಮುಗೀತಾ? ದಿಲ್ಲಿಯಲ್ಲಿ ಎರಡೂ ಸದನ ಒಟ್ಟಿಗೆ ಕೂರಿಸಿ ಮತ ಹಾಕಿಸುತ್ತಾರಲ್ಲ, ಬೆಂಗಳೂರಲ್ಲೂ ಹಾಗೆ ಮಾಡಬಹುದಾ?

ಇದರ ಜೊತೆಗೇ ಇನ್ನೊಂದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೊನೇ ಭಾಗದ ಕಾಮಗಾರಿ, ಕಬ್ಬಿನ ಬಾಕಿ, ಇವೆರಡಕ್ಕೂ ಸದನದಲ್ಲೇ ಉತ್ತರ ಕೊಡಿಸಬೇಕು ಅಂತ ಊರಿನ ರೈತರು ಪಟ್ಟು ಹಿಡಿದಿದ್ದಾರೆ. ಎಂಎಲ್‌ಎ ಹಿಡಿಯಬೇಕಾ, ಎಂಎಲ್‌ಸಿನಾ, ಎಂಪಿನಾ?

ಲಷ್ಕರ್_ಮೊಹಲ್ಲಾ

ಸಾಯಲ್ಲ. ಸಂವಿಧಾನದ 197ನೇ ವಿಧಿ ನೋಡಿ. ಪರಿಷತ್ತು ತಿರಸ್ಕರಿಸಿದರೂ, ವಿಧಾನಸಭೆ ಒಪ್ಪದ ತಿದ್ದುಪಡಿ ಸೇರಿಸಿದರೂ, ಏನೂ ಮಾಡದೆ ಮೂರು ತಿಂಗಳು ಕಳೆದರೂ, ವಿಧಾನಸಭೆ ಅದನ್ನು ಇನ್ನೊಂದು ಸಲ ಅಂಗೀಕರಿಸಿ ಕಳಿಸಬಹುದು. ಎರಡನೇ ಸಲ ಪರಿಷತ್ತಿಗೆ ಸಿಗೋದು ಒಂದೇ ತಿಂಗಳು. ಆಮೇಲೆ ಪರಿಷತ್ತು ಬೇಡ ಅಂದರೂ ಎರಡೂ ಸದನ ಒಪ್ಪಿದ ಲೆಕ್ಕ, ರಾಜ್ಯಪಾಲರ ಮುಂದೆ ಹೋಗುತ್ತೆ. ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯಕ್ಕಷ್ಟೇ ಸೇರಿದ ಧನ ವಿಧೇಯಕವಾದರೆ ಬರೀ 14 ದಿನ. ಇನ್ನು ಪರಿಷತ್ತಿನಲ್ಲೇ ಹುಟ್ಟಿದ ವಿಧೇಯಕವನ್ನು ವಿಧಾನಸಭೆ ಬೇಡ ಅಂದರೆ ಅಲ್ಲಿಗೆ ಮುಗೀತು.

ಒಟ್ಟಿಗೆ ಕೂರಿಸಿ ಮತ ಹಾಕಿಸೋ ಏರ್ಪಾಡು ರಾಜ್ಯದಲ್ಲಿ ಇಲ್ಲವೇ ಇಲ್ಲ. ಅದು ಸಂಸತ್ತಿಗೆ ಮಾತ್ರ, 108ನೇ ವಿಧಿ. ಅಲ್ಲೂ ಇಲ್ಲಿವರೆಗೆ ವಿಧೇಯಕಕ್ಕಾಗಿ ಕೂತದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆಯ ಪೋಟಾ. ರಾಜ್ಯಪಾಲರು ಭಾಷಣ ಮಾಡುವ ಜಂಟಿ ಅಧಿವೇಶನವೇ ಬೇರೆ, ಅಲ್ಲಿ ಮತ ಗಿತ ಏನಿಲ್ಲ.

ಪರಿಷತ್ತನ್ನು ಸೋತವರ ಪುನರ್ವಸತಿ ಕೇಂದ್ರ ಅಂತ ಜನ ಆಡಿಕೊಳ್ಳೋದು ಸುಮ್ಮನೆ ಅಲ್ಲ.

ಕಲಾಪ_ಪಟ್ಟಿ

ಮೇಲಿನವರ ಲೆಕ್ಕ ಸರಿ, ತೀರ್ಪು ಮಾತ್ರ ಆತುರದ್ದು.

ಆ ಮೂರು ತಿಂಗಳು ಶುರುವಾಗೋದು ವಿಧಾನಸಭೆ ಅಂಗೀಕರಿಸಿದ ದಿನದಿಂದಲ್ಲ, ವಿಧೇಯಕವನ್ನು ಪರಿಷತ್ತಿನ ಮುಂದೆ ಇಟ್ಟ ದಿನದಿಂದ. ಪೇಪರಿನವರೂ ಇಲ್ಲಿ ಎಡವುತ್ತಾರೆ. ಅದಕ್ಕಿಂತ ದೊಡ್ಡದು 196ನೇ ವಿಧಿಯಲ್ಲಿದೆ. ಅಧಿವೇಶನ ಮುಗಿದರೆ ವಿಧೇಯಕ ಬಿದ್ದುಹೋಗಲ್ಲ, ಆದರೆ ವಿಧಾನಸಭೆ ವಿಸರ್ಜನೆಯಾದರೆ, ಅಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಕೂತಿರುವ ವಿಧೇಯಕ ರದ್ದಾಗುತ್ತೆ. ಐದು ವರ್ಷದ ಮೊದಲ ವರ್ಷದಲ್ಲಿ ಮೂರು ತಿಂಗಳ ತಡೆ ಅಂದರೆ ಸೊಳ್ಳೆ ಕಚ್ಚಿದ ಹಾಗೆ. ಅದೇ ಕೊನೇ ಅಧಿವೇಶನದಲ್ಲಾದರೆ ವಿಧೇಯಕದ ಪ್ರಾಣವೇ ಹೋಗಬಹುದು.

ಕಾಂಗ್ರೆಸ್, ಬಿಜೆಪಿ ಎರಡೂ ಸರ್ಕಾರದವರು ಪರಿಷತ್ತಿನ ತಡೆಯ ರುಚಿ ನೋಡಿದ್ದಾರೆ. ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ 2024ರ ಫೆಬ್ರವರಿ 23ರಂದು ಪರಿಷತ್ತಿನಲ್ಲಿ ಧ್ವನಿಮತದಲ್ಲಿ ಬಿತ್ತು, 29ರಂದು ವಿಧಾನಸಭೆ ಮತ್ತೆ ಅಂಗೀಕರಿಸಿತು. ಅದಕ್ಕೂ ಮೊದಲು, 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ದಾಟಿದ ಜಾನುವಾರು ಹತ್ಯೆ ಪ್ರತಿಬಂಧಕ ವಿಧೇಯಕ ಪರಿಷತ್ತಿನಲ್ಲಿ ಸಿಕ್ಕಿಕೊಂಡಾಗ, ಸರ್ಕಾರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದು, ಫೆಬ್ರವರಿಯಲ್ಲಿ ಪರಿಷತ್ತಿನ ಒಪ್ಪಿಗೆ ಪಡೆಯಿತು. ಸುಗ್ರೀವಾಜ್ಞೆಯೂ ಪೂರ್ತಿ ಬಿಡುಗಡೆ ಅಲ್ಲ, ಸದನ ಮತ್ತೆ ಸೇರಿದ ಆರು ವಾರಕ್ಕೆ ಅದರ ಆಯಸ್ಸು ಮುಗಿಯುತ್ತೆ.

ಸರ್ಕಾರ ಉರುಳಿಸುವ ಶಕ್ತಿ ಪರಿಷತ್ತಿಗಿಲ್ಲ, ನಿಜ. 164(2)ರ ಪ್ರಕಾರ ಮಂತ್ರಿಮಂಡಲ ಹೊಣೆಯಾಗಿರೋದು ವಿಧಾನಸಭೆಗೆ ಮಾತ್ರ. ಆದರೆ ಮಂತ್ರಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುವುದರಲ್ಲಿ 75 ಜನರ ಈ ಮನೆ 224 ಜನರ ಆ ಮನೆಗಿಂತ ಕಡಿಮೆಯೇನಲ್ಲ. ಜನ ಕಡಿಮೆ ಇರುವ ಕಡೆ ಒಬ್ಬೊಬ್ಬರಿಗೆ ಸರದಿಯೂ ಬೇಗ.

ಅಂದಹಾಗೆ, ಎರಡು ಸಭೆಗಳ ಪದ್ಧತಿ ಮೈಸೂರಿನವರಿಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧೇಯಕ ಸಭೆ. ಮೊದಮೊದಲು ದಸರಾ ಹೊತ್ತಿಗೆ ಸೇರಿ ಅಹವಾಲು ಹೇಳಿಕೊಳ್ಳೋದಷ್ಟೇ ಇತ್ತು, ಮತ ಹಾಕುವ ಮಾತಿರಲಿಲ್ಲ.

ಚುಕ್ಕೆ_ಗುರುತು

ಎರಡನೇ ಪ್ರಶ್ನೆಗೆ ಬರ್ತೀನಿ, ಕೆಲಸಕ್ಕೆ ಬರೋದು ಅದೇ.

ನಾಲೆ ರಾಜ್ಯದ ವಿಷಯ. ಎಂಎಲ್‌ಎ ಆದರೂ ಸರಿ, ಎಂಎಲ್‌ಸಿ ಆದರೂ ಸರಿ, ಇಬ್ಬರಿಗೂ ಕೊಟ್ಟರೆ ಇನ್ನೂ ಸರಿ. ಕಬ್ಬನ್ನು ಮಾತ್ರ ಸೀಳಿ ಕೇಳಬೇಕು. ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಕೇಂದ್ರದ್ದು, ಅದನ್ನು ಎಂಪಿ ಕೇಳಲಿ. ಕಾರ್ಖಾನೆ ರೈತರಿಗೆ ಉಳಿಸಿಕೊಂಡ ಬಾಕಿ ಲೆಕ್ಕ ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರ ಹತ್ತಿರ ಇರುತ್ತೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಬಾಕಿ ಎಷ್ಟು ಅಂತ ಮಾತ್ರ ಕೇಳಿದರೆ ಒಂದು ಮೊತ್ತ ಬರೆದು ಕೈತೊಳೆದುಕೊಳ್ತಾರೆ. 14 ದಿನ ಮೀರಿದ ಬಾಕಿ ಕಾರ್ಖಾನೆವಾರು ಎಷ್ಟು, ಅದಕ್ಕೆ ಬಡ್ಡಿ ಪಾವತಿಯಾಗಿದೆಯೇ, ಇಲ್ಲವಾದರೆ ವಸೂಲಿಗೆ ಆಯುಕ್ತರು ಯಾವ ದಿನಾಂಕದಂದು ಏನು ಕ್ರಮ ಕೈಗೊಂಡಿದ್ದಾರೆ ಅಂತ ಕೇಳಿಸಿ.

ಈಗ ಬರೆಯುವ ರೀತಿ. "ಕೊನೇ ಭಾಗದ ರೈತರನ್ನು ಸರ್ಕಾರ ನಿರ್ಲಕ್ಷಿಸುತ್ತಿರುವುದೇಕೆ?" ಅಂತ ಬರೆದುಕೊಟ್ಟರೆ ಅದು ಆರೋಪ, ಪ್ರಶ್ನೆಯಲ್ಲ, ತಿರಸ್ಕಾರವಾಗಬಹುದು. ಬೇಕಾದದ್ದು ಹೀಗೆ:

(ಅ) ವಿಶ್ವೇಶ್ವರಯ್ಯ ನಾಲೆ ಆಧುನೀಕರಣಕ್ಕೆ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಮಂಜೂರಾದ ಮತ್ತು ವೆಚ್ಚವಾದ ಮೊತ್ತವೆಷ್ಟು. (ಕಾಮಗಾರಿವಾರು ವಿವರ ನೀಡುವುದು)
(ಆ) ಗುತ್ತಿಗೆ ಅವಧಿ ಮುಗಿದರೂ ಪೂರ್ಣಗೊಳ್ಳದ ಕಾಮಗಾರಿಗಳು ಯಾವುವು;
(ಇ) ವಿಳಂಬಕ್ಕೆ ಗುತ್ತಿಗೆದಾರರಿಗೆ ವಿಧಿಸಿದ ದಂಡವೆಷ್ಟು, ವಸೂಲಾದದ್ದೆಷ್ಟು?

"ಸರ್ಕಾರದ ಗಮನಕ್ಕೆ ಬಂದಿದೆಯೇ" ಅನ್ನೋ ಸಾಲನ್ನು ಮೊದಲಿಗೆ ಹಾಕೋ ಚಟ ಬಿಡಿಸಿ. ಅದಕ್ಕೆ ಬರೋ ಉತ್ತರ ಒಂದೇ ಪದ: "ಬಂದಿದೆ."

ಕಾವೇರಿ ನೀರು ಹಂಚಿಕೆಯನ್ನು ಇದರೊಳಗೆ ಎಳೆದು ತರಬೇಡಿ, ನ್ಯಾಯಾಲಯದ ಮುಂದಿರುವ ವಿಷಯ ಅಂತ ಇಡೀ ಪ್ರಶ್ನೆಯನ್ನೇ ಪಕ್ಕಕ್ಕಿಡಲು ನೆಪ ಸಿಗುತ್ತೆ.

ಅಂಕಿ ಅಂಶ ಬೇಕಾದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಸಾಕು, ಲಿಖಿತ ಉತ್ತರ ಕೈಗೆ ಬರುತ್ತೆ. ಮಂತ್ರಿ ಎದ್ದು ನಿಂತು ಹೇಳಬೇಕು, ಮೇಲೊಂದು ಉಪಪ್ರಶ್ನೆ ಹಾಕಬೇಕು ಅಂದರೆ ಚುಕ್ಕೆ ಗುರುತಿನದೇ ಆಗಬೇಕು. ಆದರೆ ಪಟ್ಟಿಯಲ್ಲಿ ಕೆಳಗೆ ಬಿದ್ದರೆ ಪ್ರಶ್ನೋತ್ತರ ವೇಳೆ ಮುಗಿದು ಅದೂ ಲಿಖಿತ ಉತ್ತರವಾಗಿಯೇ ಉಳಿಯುತ್ತೆ. ಸಂಸತ್ತಿನಲ್ಲಿ ಸೂಚನೆಗೆ 15 ಪೂರ್ಣ ದಿನ ಬೇಕು. ಇಲ್ಲೂ ಅಧಿವೇಶನ ಶುರುವಾದ ಮೇಲೆ ಶಾಸಕರ ಮನೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ದಿನಾಂಕ ಗೊತ್ತಾದ ವಾರದಲ್ಲೇ ಬರೆದದ್ದನ್ನು ಅವರ ಕೈಗೆ ಕೊಡಿ.

ಕೊನೇಮಡೆ_ಮಂಡ್ಯ

ಚೆನ್ನಾಗಿ ಹೇಳಿದ್ರಿ ಸಾರ್. "ಪರಿಶೀಲನೆಯಲ್ಲಿದೆ" ಅಂತ ಉತ್ತರ ಬಂದರೆ ಏನ್ಮಾಡೋದು? ಬಜೆಟ್ ಹೊತ್ತಲ್ಲಿ ಬೇರೆ ದಾರಿ ಇದೆಯಾ?

ಕಲಾಪ_ಪಟ್ಟಿ

ಆ ಉತ್ತರವನ್ನು ಎಸೆಯಬೇಡಿ. ಸಂಸತ್ತಿನ ಪದ್ಧತಿಯಲ್ಲಿ "ಪರಿಶೀಲನೆಯಲ್ಲಿದೆ" ಅಂದರೂ ಅದು ಭರವಸೆಯ ಲೆಕ್ಕವೇ, ಮೂರು ತಿಂಗಳಲ್ಲಿ ಈಡೇರಿಸಬೇಕು. ನಮ್ಮಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ, ಮಂತ್ರಿ ಆಡಿದ ವಾಕ್ಯ, ಈ ಮೂರನ್ನೂ ಬರೆದು ನಿಮ್ಮ ಶಾಸಕರ ಮೂಲಕ ಸಮಿತಿಗೆ ತಲುಪಿಸಿ. ಸಮಿತಿ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತೆ, ಅಲ್ಲಿ ಟಿವಿ ಕ್ಯಾಮೆರಾ ಇರಲ್ಲ, ಹಾಗಾಗಿ ಕೂಗಾಟವೂ ಕಡಿಮೆ.

ಬಜೆಟ್ ಹೊತ್ತಲ್ಲಿ ಎಂಎಲ್‌ಎ ಬಳಿಗೇ ಹೋಗಬೇಕು. ಪರಿಷತ್ತು ಬಜೆಟ್ ಮೇಲೆ ಮಾತಾಡಬಹುದು, ಇಲಾಖಾವಾರು ಅನುದಾನದ ಬೇಡಿಕೆಗಳಿಗೆ ಮತ ಹಾಕುವಂತಿಲ್ಲ. ಜಲಸಂಪನ್ಮೂಲ ಇಲಾಖೆಯ ಬೇಡಿಕೆ ಬಂದ ದಿನ, ಅದರ ಮೊತ್ತ ಇಳಿಸಿ ಅಂತ ಕೇಳುವ ಕಡಿತದ ಸೂಚನೆ ಕೊಟ್ಟು ನಿಮ್ಮ ನಾಲೆಯ ವಿಷಯ ಎತ್ತಬಹುದು. ಅದು ಪಾಸಾಗುತ್ತೆ ಅಂತ ಯಾರೂ ಕಾಯಲ್ಲ. ಪಾಸಾದರೆ ಸರ್ಕಾರವೇ ಅಲುಗಾಡುತ್ತೆ.

ಚುಕ್ಕೆ_ಗುರುತು

ಒಂದು ಮಾತು ಬಿಟ್ಟುಹೋಯ್ತು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಎಂಎಲ್‌ಸಿಗೆ ಮತ ಹಾಕೋರು ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರು, ಪ್ರಶ್ನೆಯ ಪ್ರತಿಯನ್ನು ಅವರ ಕೈಲೇ ಕಳಿಸಿ, ತೂಕ ಬೇರೆ. ಮಂಡ್ಯ, ಮೈಸೂರು, ಹಾಸನ, ಚಾಮರಾಜನಗರ ಸೇರಿದ ದಕ್ಷಿಣ ಪದವೀಧರ ಕ್ಷೇತ್ರವೂ ಇದೆ. ಅದರ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಆಗುತ್ತೆ. ಹೋದ ಸಲ ಹೆಸರಿತ್ತು ಅಂತ ಸುಮ್ಮನಿದ್ದರೆ ಈ ಸಲ ಇರಲ್ಲ, ನಮೂನೆ 18 ಮತ್ತೆ ತುಂಬಿ ಕೊಡಬೇಕು.